ಬಣ್ಣ ಬಳಿದರೆ ಬಿರುಕು ಮುಚ್ಚುವುದಿಲ್ಲ

ಉಕ್ಕಿಗೆ ದಪ್ಪಗೆ ಬಣ್ಣ ಬಳಿಯಬೇಕು, ನೀರಿನೊಳಗಿನ ಭಾಗಕ್ಕೆ ಅಲ್ಯೂಮಿನಿಯಂ ಆನೋಡ್ ಕಟ್ಟಬೇಕು, ಕೆಲವು ವರ್ಷಕ್ಕೊಮ್ಮೆ ಮುಳುಗುಗಾರರನ್ನು ಇಳಿಸಿ ಲೋಹ ಎಷ್ಟು ಸವೆದಿದೆ ಎಂದು ಅಳೆಯಬೇಕು. ಇಷ್ಟು ಮಾಡಿದರೆ ಕಡಲ ನಡುವಿನ ತೈಲ ವೇದಿಕೆ ಕ್ಷೇಮವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಉದ್ಯಮ ನಿಂತಿದೆ. ತುಕ್ಕು ನಿರ್ವಹಣಾ ವಿಭಾಗದ ತಲೆನೋವು, ಬಿರುಕು ಅಪರೂಪದ ದುರದೃಷ್ಟ, ಇನ್ನಷ್ಟು ಬಲವಾದ ಉಕ್ಕು ತಂದು ಹಾಕಿದರೆ ಆ ದುರದೃಷ್ಟವೂ ತಪ್ಪುತ್ತದೆ ಎಂದು ಟೆಂಡರ್ ಬರೆಯುವವರು, ಬಜೆಟ್ ಹಂಚುವವರು, ತಪಾಸಣಾ ವರದಿಗೆ ಸಹಿ ಹಾಕುವವರು ಎಲ್ಲರೂ ಒಪ್ಪಿಕೊಂಡಿದ್ದಾರೆ. ಈ ಒಪ್ಪಂದ ತಪ್ಪು. ಅದು ಜನರನ್ನು ಕೊಂದಿದೆ, ಸಾವಿರಾರು ಕೋಟಿ ನುಂಗಿದೆ, ಮುಂದೆಯೂ ನುಂಗಲಿದೆ.

1980ರ ಮಾರ್ಚ್ 27ರ ಸಂಜೆ ಉತ್ತರ ಸಮುದ್ರದ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ನಾರ್ವೆಯ ‘ಅಲೆಕ್ಸಾಂಡರ್ ಕೀಲಾಂಡ್’ ಎಂಬ ತೇಲುವ ವೇದಿಕೆ ಮಗುಚಿತು. ತೈಲ ಕೊರೆಯಲೆಂದು ಕಟ್ಟಿದ್ದ ಅದನ್ನು ಕಾರ್ಮಿಕರ ವಸತಿಗಾಗಿ ಬಳಸುತ್ತಿದ್ದರು. ಒಳಗೆ 212 ಜನರಿದ್ದರು; 123 ಮಂದಿ ಸತ್ತರು. ಅಲೆಗಳ ಎತ್ತರ ಆರೆಂಟು ಮೀಟರ್, ಉತ್ತರ ಸಮುದ್ರಕ್ಕೆ ಹೊಸತೇನೂ ಅಲ್ಲದ ಹವೆ. ವೇದಿಕೆಗಾದರೂ ವಯಸ್ಸಾಗಿತ್ತೇ? ಫ್ರಾನ್ಸಿನಲ್ಲಿ ಕಟ್ಟಿ 1976ರಲ್ಲಿ ಒಪ್ಪಿಸಿದ್ದು, ನಾಲ್ಕು ವರ್ಷವೂ ತುಂಬಿರಲಿಲ್ಲ. ಐದು ಕಾಲುಗಳಲ್ಲಿ ಒಂದನ್ನು ಹಿಡಿದಿದ್ದ, ಎರಡೂವರೆ ಮೀಟರಿಗೂ ಮಿಕ್ಕಿದ ವ್ಯಾಸದ ಒಂದು ಬ್ರೇಸಿಂಗ್ ಕೊಳವೆ ಮೊದಲು ಕತ್ತರಿಸಿಹೋಯಿತು. ಅದೇ ಕಾಲಿನ ಉಳಿದ ಬ್ರೇಸಿಂಗ್‌ಗಳು ಒಂದರ ಹಿಂದೆ ಒಂದು ಮುರಿದವು, ಕಾಲೇ ಕಿತ್ತುಹೋಯಿತು, ಅರ್ಧ ಗಂಟೆಯೊಳಗೆ ವೇದಿಕೆ ತಲೆಕೆಳಗಾಯಿತು.

ತನಿಖಾ ಆಯೋಗ ಮುರಿದ ಕೊಳವೆಯನ್ನು ಪರೀಕ್ಷಿಸಿದಾಗ ಮೂಲ ಸಿಕ್ಕಿತು. ನೀರಿನೊಳಗಿನ ಸದ್ದು ಕೇಳುವ ಹೈಡ್ರೋಫೋನ್ ಎಂಬ ಸಣ್ಣ ಉಪಕರಣವನ್ನು ಕೂರಿಸಲು ಬ್ರೇಸಿಂಗಿಗೆ ತೂತು ಕೊರೆದು ಒಂದು ಆಧಾರವನ್ನು ಬೆಸೆದಿದ್ದರು. ಆ ವೆಲ್ಡಿಂಗಿನ ಅಳತೆ ಬರೀ 6 ಮಿಲಿಮೀಟರ್. ಭಾರ ಹೊರುವ ಭಾಗವಲ್ಲ ಎಂದು ಯಾರೂ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮತ್ತೆ ಮತ್ತೆ ಬೀಳುವ ಹೊರೆಗೆ ಲೋಹ ದಣಿದು ಬಿಡುವ ಬಿರುಕು, ಅಂದರೆ ದಣಿವಿನ ಬಿರುಕು, ಹುಟ್ಟಿ ಬೆಳೆದದ್ದು ಅಲ್ಲಿಂದ. ಎದೆ ಝಲ್ಲೆನ್ನಿಸುವ ಸಂಗತಿ ಇನ್ನೊಂದಿದೆ: ಆ ಬೆಸುಗೆಯ ಬಿರುಕಿನೊಳಗೆ ಬಣ್ಣ ಸಿಕ್ಕಿತು. ಅಂದರೆ ವೇದಿಕೆ ಇನ್ನೂ ಕಾರ್ಖಾನೆಯ ಅಂಗಳದಲ್ಲಿದ್ದಾಗಲೇ, ಬಣ್ಣದ ಕುಂಚ ಅದರ ಮೇಲೆ ಓಡಾಡಿದಾಗಲೇ, ಅಲ್ಲಿ ಬಿರುಕಿತ್ತು. ಕಣ್ಣಿಟ್ಟು ನೋಡಿದ್ದರೆ ಕಾಣಬಹುದಾಗಿದ್ದ ಕುರುಹಿನ ಮೇಲೆ ರಕ್ಷಣೆಯ ಹೆಸರಿನಲ್ಲಿ ಬಣ್ಣ ಸಾರಿದರು. ತುಕ್ಕನ್ನು ಮೈಮೇಲಿನ ಕೊಳೆಯೆಂದು, ಬಣ್ಣವನ್ನು ಅದಕ್ಕೆ ಮದ್ದೆಂದು ತಿಳಿದವರ ಕೈಯಲ್ಲಿ ಬೇರೇನಾಗಲು ಸಾಧ್ಯವಿತ್ತು?

ಈ ನಂಬಿಕೆಯ ಮೊದಲ ದೋಷ ಅಳತೆಯಲ್ಲೇ ಇದೆ. ತುಕ್ಕು ಲೋಹವನ್ನು ಮೇಲಿನಿಂದ ತಿನ್ನುತ್ತದೆ, ಆದ್ದರಿಂದ ದಪ್ಪ ಅಳೆದರೆ ಅಪಾಯ ಗೊತ್ತಾಗುತ್ತದೆ ಎಂಬುದು ವಾದ. ಬಿರುಕು ಹಾಗೆ ತಿನ್ನುವುದಿಲ್ಲ. 30 ಮಿಲಿಮೀಟರ್ ದಪ್ಪದ ತಗಡು 30 ಮಿಲಿಮೀಟರ್ ಆಗಿಯೇ ಉಳಿದಿರುತ್ತದೆ; ಅದರೊಳಗೆ ಕೂದಲೆಳೆಯಷ್ಟು ಸಣ್ಣ ಸೀಳು ಅಲೆಯಿಂದ ಅಲೆಗೆ ಮುಂದುವರಿಯುತ್ತಿರುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ಅದರ ದಪ್ಪ ನೋಡಿ ದುಡ್ಡು ಕೊಡುವುದಿಲ್ಲ, ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾಳೆ. ಕೋಟಿಗಟ್ಟಲೆ ಬೆಲೆಯ ವೇದಿಕೆಗಳ ತಪಾಸಣೆಗೆ ಅಷ್ಟು ವಿವೇಕವೂ ಬೇಡವೇ?

ಅಲೆಗಳ ಲೆಕ್ಕ ನೋಡಿ. ಆರು ಸೆಕೆಂಡಿಗೊಂದು ಅಲೆ ಬಡಿದರೆ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಬಡಿತ. ಪ್ರತಿಯೊಂದು ಬಡಿತಕ್ಕೂ ಬೆಸುಗೆಯ ಅಂಚು ಚೂರು ಹಿಗ್ಗುತ್ತದೆ, ಚೂರು ಕುಗ್ಗುತ್ತದೆ. ಒಣ ಗಾಳಿಯಲ್ಲಾದರೆ ಉಕ್ಕಿಗೆ ಒಂದು ಮಿತಿ ಇದೆ: ಅದಕ್ಕಿಂತ ಕಡಿಮೆ ಒತ್ತಡವನ್ನು ಎಷ್ಟು ಸಲ ಹೇರಿದರೂ ತಾಳಿಕೊಳ್ಳುತ್ತದೆ. ರಕ್ಷಣೆಯಿಲ್ಲದೆ ಉಪ್ಪುನೀರಿಗೆ ಬಿದ್ದ ಉಕ್ಕಿಗೆ ಆ ಮಿತಿಯೇ ಇಲ್ಲ. ಚಿಕ್ಕ ಬಡಿತವೂ ಖಾತೆಗೆ ಜಮೆಯಾಗುತ್ತದೆ. ಅಂಥ ಬೆಸುಗೆಯ ಕೀಲಿನ ಆಯುಷ್ಯ ಗಾಳಿಯಲ್ಲಿನ ಆಯುಷ್ಯದ ಮೂರನೇ ಒಂದು ಪಾಲಿಗೆ ಇಳಿಯುತ್ತದೆ ಎಂದು ವಿನ್ಯಾಸದ ಮಾನದಂಡಗಳೇ ಲೆಕ್ಕ ಹಾಕಿಕೊಡುತ್ತವೆ. ತುಕ್ಕು ಬೇರೆ ವಿಭಾಗ, ದಣಿವು ಬೇರೆ ವಿಭಾಗ ಎಂದು ಕಚೇರಿಯಲ್ಲಿ ಮೇಜು ಹಂಚಿಕೊಳ್ಳಬಹುದು. ಸಮುದ್ರದಲ್ಲಿ ಅವೆರಡೂ ಒಂದೇ ಬೆಸುಗೆಯ ಮೇಲೆ ಒಟ್ಟಿಗೆ ಕೆಲಸ ಮಾಡುತ್ತವೆ.

ತಪಾಸಣೆಯ ಅಗ್ಗದ ದಾರಿಗಳು ಇಲ್ಲೂ ಮೋಸ ಮಾಡುತ್ತವೆ. ಒಳಗೆ ಗಾಳಿಯಿರಬೇಕಾದ ಕೊಳವೆಗೆ ನೀರು ನುಗ್ಗಿದೆಯೇ ಎಂದು ಹೊರಗಿನಿಂದ ಪತ್ತೆ ಹಚ್ಚುವ ವಿಧಾನವೊಂದು ಬಹಳ ಬಳಕೆಯಲ್ಲಿದೆ. ಬೇಗ ಮುಗಿಯುತ್ತದೆ, ಖರ್ಚು ಕಡಿಮೆ. ಆದರೆ ನೀರು ಒಳಗೆ ಬಂದಿದೆ ಎಂದರೆ ಬಿರುಕು ಆಗಲೇ ಗೋಡೆಯನ್ನು ಪೂರ್ತಿ ದಾಟಿದೆ ಎಂದೇ ಅರ್ಥ. ಕಾಯಿಲೆ ಕೊನೆಯ ಹಂತಕ್ಕೆ ಮುಟ್ಟಿದ ಮೇಲೆ ಅದನ್ನು ಗುರುತಿಸುವ ಪರೀಕ್ಷೆಯನ್ನೇ ನೆಚ್ಚಿಕೊಂಡು ‘ಬಿರುಕಿಲ್ಲ’ ಎಂದು ಬರೆಯುವುದು ತಪಾಸಣೆಯೇ? ಬೆಸುಗೆಯ ಮೇಲಿನ ಚಿಪ್ಪು, ಪಾಚಿ ಕೆರೆದು, ಲೋಹ ಹೊಳೆಯುವವರೆಗೆ ಸ್ವಚ್ಛಗೊಳಿಸಿ, ಕಾಂತೀಯ ಪುಡಿಯಿಂದಲೋ ವಿದ್ಯುತ್ ಪ್ರವಾಹದ ಸಲಕರಣೆಯಿಂದಲೋ ಹುಡುಕಿದರೆ ಮೇಲ್ಮೈಯ ಬಿರುಕು ಬೇಗನೇ ಸಿಗುತ್ತದೆ. ಅದಕ್ಕೆ ಮುಳುಗುಗಾರರ ಗಂಟೆಗಳು ಬೇಕು, ಹಡಗು ಬೇಕು, ಹಣ ಬೇಕು. ಉಳಿತಾಯ ಆಗುತ್ತಿರುವುದು ಇಲ್ಲೇ.

ಎರಡನೆಯ ದೋಷ ಇನ್ನೂ ಗಂಭೀರ. ರಕ್ಷಣೆಯೇ ಬಿರುಕಿಗೆ ಉಣಿಸಬಲ್ಲದು ಎಂಬುದನ್ನು ಈ ನಂಬಿಕೆ ಅಡಗಿಸಿಡುತ್ತದೆ. 1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆಗೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿ ತಾಮ್ರ ಸವೆಯುವುದನ್ನು ನಿಲ್ಲಿಸಿದ. ತಾಮ್ರವೇನೋ ಉಳಿಯಿತು, ಆದರೆ ಕರಗದ ತಾಮ್ರದ ಮೇಲೆ ಕಡಲ ಚಿಪ್ಪುಗಳು ಬೆಳೆದು ಹಡಗಿನ ವೇಗ ತಗ್ಗಿತು, ನೌಕಾಪಡೆ ಅದನ್ನು ಕೈಬಿಟ್ಟಿತು. ಈ ವಿದ್ಯೆ ಹುಟ್ಟಿದಾಗಲೇ ಕಲಿಸಿದ ಪಾಠವಿದು: ಒಂದು ಕಡೆ ತುಕ್ಕನ್ನು ತಡೆದರೆ ಇನ್ನೊಂದು ಕಡೆ ಏನಾಗುತ್ತದೆ ಎಂದು ಕೇಳಲೇಬೇಕು.

ಇಂದಿನ ವೇದಿಕೆಗಳಲ್ಲಿ ಆನೋಡ್ ತಾನು ಕರಗಿ ಉಕ್ಕಿಗೆ ಎಲೆಕ್ಟ್ರಾನುಗಳನ್ನು ಕೊಡುತ್ತದೆ. ಉಕ್ಕು ತುಕ್ಕು ಹಿಡಿಯದಿರಲು ಬೆಳ್ಳಿ ಕ್ಲೋರೈಡಿನ ಅಳತೆಗೋಲಿನಲ್ಲಿ ಸುಮಾರು ಮೈನಸ್ 800 ಮಿಲಿವೋಲ್ಟ್ ಸಾಕು. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಆನೋಡ್ ಅದನ್ನು ಮೈನಸ್ 1050ರ ಹತ್ತಿರಕ್ಕೆ ಒಯ್ಯುತ್ತದೆ. ಆ ಮಟ್ಟದಲ್ಲಿ ಉಕ್ಕಿನ ಮೈಮೇಲೆ ನೀರು ಒಡೆದು ಹೈಡ್ರೋಜನ್ ಹುಟ್ಟುತ್ತದೆ. ಅದರಲ್ಲಿ ಒಂದು ಪಾಲು ಗುಳ್ಳೆಯಾಗಿ ಹೋಗುತ್ತದೆ, ಒಂದು ಪಾಲು ಪರಮಾಣುವಾಗಿ ಲೋಹದೊಳಕ್ಕೆ ಇಳಿಯುತ್ತದೆ. ಸಮುದ್ರತಳದ ಕೆಸರಿನಲ್ಲಿ ಗಂಧಕದ ಬ್ಯಾಕ್ಟೀರಿಯಾಗಳಿದ್ದರೆ ಅವು ಉಗುಳುವ ಹೈಡ್ರೋಜನ್ ಸಲ್ಫೈಡ್ ಆ ಇಳಿಯುವಿಕೆಯನ್ನು ಇನ್ನೂ ಸಲೀಸು ಮಾಡುತ್ತದೆ. ಒಳಹೊಕ್ಕ ಹೈಡ್ರೋಜನ್ ಒತ್ತಡ ಹೆಚ್ಚಿರುವ ಕಡೆ, ಅಂದರೆ ಬೆಸುಗೆಯ ಬುಡದಲ್ಲಿ, ಬೋಲ್ಟಿನ ಎಳೆಯಲ್ಲಿ, ಒಟ್ಟುಗೂಡಿ ಲೋಹವನ್ನು ಪೆಡಸಾಗಿಸುತ್ತದೆ. ಮೇಲೆ ತುಕ್ಕಿನ ಕಲೆಯೂ ಇಲ್ಲ. ಮೀಟರ್ ತೋರಿಸುವ ಅಂಕಿ ‘ಉತ್ತಮ ರಕ್ಷಣೆ’ ಎನ್ನುತ್ತಿರುತ್ತದೆ.

ಇದು ನಿನ್ನೆ ಮೊನ್ನೆ ಗೊತ್ತಾದದ್ದೇ? ಕಬ್ಬಿಣವನ್ನು ಆಮ್ಲದಲ್ಲಿ ಅದ್ದಿದರೆ ಹೈಡ್ರೋಜನ್ ಹೀರಿ ಪೆಡಸಾಗುತ್ತದೆ ಎಂದು ವಿಲಿಯಂ ಜಾನ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಇಟ್ಟದ್ದು 1875ರಲ್ಲಿ. ನೂರ ಐವತ್ತು ವರ್ಷ ಹಳೆಯ ತಿಳಿವಳಿಕೆಯನ್ನು ಕಪಾಟಿನಲ್ಲಿಟ್ಟು, ಬಲವಾದ ಉಕ್ಕು ಎಂದರೆ ಸುರಕ್ಷಿತ ಉಕ್ಕು ಎಂದು ಇಂದಿಗೂ ಮಾರುತ್ತಾರೆ, ಕೊಳ್ಳುತ್ತಾರೆ.

ನಿಜಸ್ಥಿತಿ ತದ್ವಿರುದ್ಧ. ಉಕ್ಕಿನ ಬಲ, ಗಡಸುತನ ಹೆಚ್ಚಿದಷ್ಟೂ ಹೈಡ್ರೋಜನ್ನಿಗೆ ಅದು ಸುಲಭದ ತುತ್ತು. ಸಾಮಾನ್ಯ ವೇದಿಕೆಯ ಉಕ್ಕಿನ ಬಲ ಸುಮಾರು 350 ಮೆಗಾಪಾಸ್ಕಲ್. ಕಾಲುಗಳನ್ನು ಮೇಲೆ ಕೆಳಗೆ ಸರಿಸಬಲ್ಲ ಜ್ಯಾಕ್-ಅಪ್ ರಿಗ್‌ಗಳಲ್ಲಿ ಅದರ ಎರಡು ಪಟ್ಟು ಬಲದ ಉಕ್ಕು ಹಾಕುತ್ತಾರೆ. 1980ರ ದಶಕದ ಕೊನೆಗೆ ಬ್ರಿಟಿಷ್ ಕಡಲಿನ ಇಂಥ ರಿಗ್‌ಗಳ ಕಾಲು, ಪಾದಗಳ ಬೆಸುಗೆಯ ಬಳಿ ಹೈಡ್ರೋಜನ್ ಬಿರುಕುಗಳು ಕಂಡವು. ಶೆಟ್ಲ್ಯಾಂಡ್ ದ್ವೀಪಗಳ ಪಶ್ಚಿಮಕ್ಕಿರುವ ಫೋಯ್ನಾವೆನ್ ಕ್ಷೇತ್ರದಲ್ಲಿ, ತುಕ್ಕೇ ಹಿಡಿಯದೆಂದು ದುಬಾರಿ ಬೆಲೆ ಕೊಟ್ಟು ತಂದ ಸೂಪರ್ ಡುಪ್ಲೆಕ್ಸ್ ಸ್ಟೇನ್‌ಲೆಸ್ ಸ್ಟೀಲಿನ ಭಾಗಗಳು 1990ರ ದಶಕದ ನಡುವೆ ಸಮುದ್ರತಳದಲ್ಲಿ ಸೀಳಿದವು. ಪಕ್ಕದ ಸಾಧಾರಣ ಉಕ್ಕನ್ನು ಕಾಯಲು ಕಟ್ಟಿದ ಆನೋಡ್ ಈ ಸ್ಟೇನ್‌ಲೆಸ್ ಭಾಗಕ್ಕೂ ಹೈಡ್ರೋಜನ್ ಹನಿಸುತ್ತಿತ್ತು.

ಬೋಲ್ಟುಗಳ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. 2012ರ ಡಿಸೆಂಬರಿನಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಡಿಸ್ಕವರರ್ ಇಂಡಿಯಾ’ ಎಂಬ ಕೊರೆಯುವ ಹಡಗಿನ ಕೆಳಗೆ, ಬಾವಿಯ ಬಾಯಿಯ ಸುರಕ್ಷತಾ ಸಾಧನವನ್ನು ಹಿಡಿದ ಜೋಡಣೆಯ ಬೋಲ್ಟುಗಳು ತುಂಡಾದವು. 400ಕ್ಕೂ ಹೆಚ್ಚು ಬ್ಯಾರಲ್ ಕೊರೆಯುವ ದ್ರವ ಸಮುದ್ರ ಸೇರಿತು. ಅಮೆರಿಕದ ಕಡಲ ಸುರಕ್ಷತಾ ಸಂಸ್ಥೆಯ ತನಿಖೆ ಹೈಡ್ರೋಜನ್‌ನಿಂದಾದ ಬಿರುಕು ಎಂದಿತು. ಬೋಲ್ಟಿಗೆ ತುಕ್ಕು ಹಿಡಿಯದಿರಲಿ ಎಂದು ಸತುವಿನ ವಿದ್ಯುತ್ ಲೇಪನ ಕೊಟ್ಟಿದ್ದರು. ಲೇಪನದ ಹೊತ್ತಿಗೆ ಒಳಸೇರುವ ಹೈಡ್ರೋಜನ್ ಹೊರಹಾಕಲು ಬೋಲ್ಟನ್ನು ಗಂಟೆಗಟ್ಟಲೆ ಕುಲುಮೆಯಲ್ಲಿ ಕಾಯಿಸಿಡಬೇಕು. ಲೇಪನದ ಉಪಗುತ್ತಿಗೆದಾರ ಹಳೆಯ ಮಾನದಂಡ ಹಿಡಿದು ಆ ಕೆಲಸ ಮಾಡಿರಲಿಲ್ಲ. ತಯಾರಕ ಕಂಪನಿ ತನ್ನ ನೇರ ಗುತ್ತಿಗೆದಾರರನ್ನು ಮಾತ್ರ ತಪಾಸಣೆ ಮಾಡುತ್ತಿತ್ತು, ಅವರ ಕೆಳಗಿನವರನ್ನು ಮುಟ್ಟುತ್ತಿರಲಿಲ್ಲ. ಇಂಥ ಸಾವಿರಾರು ಬೋಲ್ಟುಗಳನ್ನು ಬೇರೆ ಬೇರೆ ರಿಗ್‌ಗಳಿಂದ ಬಿಚ್ಚಿ ಬದಲಿಸಬೇಕಾಯಿತು. ಮೂರೇ ತಿಂಗಳ ಬಳಿಕ, 2013ರ ಮಾರ್ಚಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಹೊಸ ಸೇತುವೆಯಲ್ಲಿ ಬಿಗಿದ 96 ಆಧಾರ ಸರಳುಗಳಲ್ಲಿ 32 ತುಂಡಾದವು. ಅಲ್ಲಿಯೂ ಸತು ಲೇಪಿಸಿದ ಗಡಸು ಉಕ್ಕು, ಅಲ್ಲಿಯೂ ಹೈಡ್ರೋಜನ್. ಇಷ್ಟಾದ ಮೇಲೂ ಖರೀದಿ ಪಟ್ಟಿಯಲ್ಲಿ ‘ಹೆಚ್ಚು ಬಲದ ಬೋಲ್ಟ್’ ಎಂದಷ್ಟೇ ಬರೆದು, ಗಡಸುತನದ ಮೇಲ್ಮಿತಿ ಬರೆಯದೆ ಬಿಡುವವರನ್ನು ಏನೆನ್ನಬೇಕು?

ಮೇಲ್ಮಿತಿಯ ಮಾತು ಬಂದಾಗ ಕಷಗಾನ್ ನೆನಪಾಗದೆ ಇರದು. ಕಜಾಕಸ್ತಾನದ ಪಾಲಿನ ಕ್ಯಾಸ್ಪಿಯನ್ ಸಮುದ್ರದ ಈ ಕ್ಷೇತ್ರ 2000ನೇ ಇಸವಿಯಲ್ಲಿ ಸಿಕ್ಕಿತು. ಜಗತ್ತಿನ ದೊಡ್ಡ ಕಂಪನಿಗಳು ಕೂಡಿ ಸಾವಿರಾರು ಕೋಟಿ ಡಾಲರ್ ಸುರಿದವು. 2013ರ ಸೆಪ್ಟೆಂಬರಿನಲ್ಲಿ ಉತ್ಪಾದನೆ ಆರಂಭವಾಯಿತು. ಎರಡು ವಾರದಲ್ಲೇ ಅನಿಲದ ಕೊಳವೆ ಸೋರಿತು. ಸರಿಪಡಿಸಿ ಶುರು ಮಾಡಿದರೆ ಮತ್ತೆ ಸೋರಿತು. ಅಕ್ಟೋಬರಿನಲ್ಲಿ ಎಲ್ಲವನ್ನೂ ನಿಲ್ಲಿಸಿದರು. ಅಲ್ಲಿನ ಅನಿಲದಲ್ಲಿ ಹೈಡ್ರೋಜನ್ ಸಲ್ಫೈಡಿನ ಪಾಲು ಶೇಕಡ 15ಕ್ಕೂ ಮಿಗಿಲು. ಅಂಥ ಅನಿಲದ ಜೊತೆ ತೇವ ಸೇರಿದರೆ ಗಡಸಾದ ಬೆಸುಗೆ ಸೀಳಿಯೇ ತೀರುತ್ತದೆ. ಸಮುದ್ರದಿಂದ ದಡಕ್ಕೆ ಬರುವ, ಒಂದೊಂದು ಸುಮಾರು 95 ಕಿಲೋಮೀಟರ್ ಉದ್ದದ ಎರಡೂ ಕೊಳವೆ ಸಾಲುಗಳನ್ನು ಬಿಟ್ಟು ಹೊಸದಾಗಿ ಹಾಕಬೇಕಾಯಿತು. ಆ ಗುತ್ತಿಗೆಯ ಮೊತ್ತವೇ 180 ಕೋಟಿ ಡಾಲರ್. ಉತ್ಪಾದನೆ ಮತ್ತೆ ಶುರುವಾದದ್ದು 2016ರಲ್ಲಿ.

ಇದೂ ಅನಿರೀಕ್ಷಿತವೇ? ಹೈಡ್ರೋಜನ್ ಸಲ್ಫೈಡ್ ಉಕ್ಕನ್ನು ಸೀಳುತ್ತದೆ ಎಂದು ಕೆನಡಾದ ಆಲ್ಬರ್ಟಾದ ಬಾವಿಗಳು 1950ರ ದಶಕದಲ್ಲೇ ತೋರಿಸಿದ್ದವು. ಅಮೆರಿಕದ ತುಕ್ಕು ತಜ್ಞರ ಸಂಘ 1975ರಲ್ಲಿ ಅದಕ್ಕೆಂದೇ ಮಾನದಂಡ ಹೊರಡಿಸಿತು; ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 22ರ ಮೇಲೆ ಹೋಗಬಾರದು ಎಂಬ ಸಂಖ್ಯೆಯನ್ನು ಈ ಕಸುಬಿನ ಪ್ರತಿ ಎಂಜಿನಿಯರನೂ ಬಾಯಿಪಾಠ ಬಲ್ಲ. ಸಂಖ್ಯೆ ಪುಸ್ತಕದಲ್ಲಿತ್ತು, ಎಂಜಿನಿಯರ ತಲೆಯಲ್ಲಿತ್ತು. ಪ್ರತಿ ಬೆಸುಗೆಯಲ್ಲೂ ಅದು ಇದೆಯೇ ಎಂದು ನೋಡುವ ಬಿಗಿ ಇರಲಿಲ್ಲ. ಕಷಗಾನ್‌ನಂಥ ಕಡೆ ಬಿರುಕು ಬಿಟ್ಟಾಗ ಪತ್ರಿಕಾ ಹೇಳಿಕೆಗಳು ‘ಸಂಕೀರ್ಣ ತಾಂತ್ರಿಕ ಸಮಸ್ಯೆ’ ಎನ್ನುತ್ತವೆ. ಎಪ್ಪತ್ತು ವರ್ಷದಿಂದ ಕಾರಣ ಗೊತ್ತಿರುವ, ಐವತ್ತು ವರ್ಷದಿಂದ ತಡೆ ಗೊತ್ತಿರುವ ಬಿರುಕಿಗೆ ಸಂಕೀರ್ಣ ಎಂಬ ಹೆಸರು ಕೊಡುವುದು ಹೊಣೆ ಜಾರಿಸುವ ಉಪಾಯ.

ಇದೆಲ್ಲ ಉತ್ತರ ಸಮುದ್ರದ್ದು, ಕ್ಯಾಸ್ಪಿಯನ್ನಿನದು ಎಂದು ಭಾರತದಲ್ಲಿ ಯಾರೂ ಕೈಕಟ್ಟಿ ಕೂರುವಂತಿಲ್ಲ. ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರದ ಬಾಂಬೆ ಹೈ ಕ್ಷೇತ್ರದಲ್ಲಿ 1974ರಲ್ಲಿ ತೈಲ ಸಿಕ್ಕಿ, 1976ರಲ್ಲಿ ಉತ್ಪಾದನೆ ಆರಂಭವಾಯಿತು. 25 ವರ್ಷದ ಆಯುಷ್ಯಕ್ಕೆಂದು ವಿನ್ಯಾಸ ಮಾಡಿದ ಅಲ್ಲಿನ ಹಲವು ವೇದಿಕೆಗಳು ಆ ಗಡುವನ್ನು ಎಂದೋ ದಾಟಿ ಇಂದಿಗೂ ದುಡಿಯುತ್ತಿವೆ. ಬೆಚ್ಚಗಿನ ನೀರು, ಮುಂಗಾರಿನ ಅಬ್ಬರದ ಅಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಳುಗುಗಾರರು ಇಳಿಯಲಾಗದ ತಿಂಗಳುಗಳು: ಅರಬ್ಬಿ ಸಮುದ್ರ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಅಲೆ ಅತಿ ಹೆಚ್ಚು ಬಡಿಯುವ ಕಾಲದಲ್ಲೇ ನೀರಿನೊಳಗಿನ ತಪಾಸಣೆ ಅಸಾಧ್ಯ. ಬಸ್ಸೇನ್ ಕ್ಷೇತ್ರದ ಅನಿಲ 200 ಕಿಲೋಮೀಟರಿಗೂ ಹೆಚ್ಚು ದೂರ ಸಮುದ್ರತಳದ ಕೊಳವೆಯಲ್ಲಿ ಗುಜರಾತಿನ ಹಜೀರಾ ಸೇರುತ್ತದೆ. ಅದರಲ್ಲಿರುವ ಹೈಡ್ರೋಜನ್ ಸಲ್ಫೈಡನ್ನು ತೆಗೆಯಲೆಂದೇ ಹಜೀರಾದಲ್ಲಿ ಘಟಕಗಳಿವೆ. ಅಂದರೆ ದಡ ಮುಟ್ಟುವವರೆಗೆ ಆ ಅನಿಲ ಉಕ್ಕಿನ ಕೊಳವೆಯ ಒಳಮೈ ಸವರಿಕೊಂಡೇ ಬರುತ್ತದೆ.

ಕನ್ನಡ ಕರಾವಳಿಯೂ ದೂರವಿಲ್ಲ. ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್, ಬಾಂಬೆ ಹೈ ನಡೆಸುವ ಸರ್ಕಾರಿ ಕಂಪನಿ ಒಎನ್‌ಜಿಸಿಯ ಅಧೀನ ಸಂಸ್ಥೆ. ದೊಡ್ಡ ಹಡಗುಗಳು ಬಂದರಿನೊಳಗೆ ಬರಲಾರವಾದ್ದರಿಂದ ಹೊರಗಿನ ಕಡಲಲ್ಲಿ ತೇಲುವ ಮೂರಿಂಗ್‌ಗೆ ಕಟ್ಟಿಕೊಂಡು, ತಳದ ಕೊಳವೆಯ ಮೂಲಕ ಕಚ್ಚಾ ತೈಲ ಇಳಿಸುತ್ತವೆ. ಸರಪಳಿ, ಬೋಲ್ಟ್, ಬೆಸುಗೆ, ಆನೋಡ್ ಎಲ್ಲವೂ ಅಲ್ಲಿಯೂ ಇವೆ. ಪಣಂಬೂರು, ಸುರತ್ಕಲ್ ಕಡೆಯ ಮೀನುಗಾರರು ಬಲೆ ಬೀಸುವ ನೀರು ಅದೇ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ ಪೂರ್ಣ ವಿಭಾಗವೇ ಇದೆ, ತೂತುಕುಡಿಯಲ್ಲಿ ಕಡಲ ತುಕ್ಕಿನ ಸಂಶೋಧನೆಗೆ ಕೇಂದ್ರವಿದೆ, ಪನ್ವೇಲದಲ್ಲಿ ಒಎನ್‌ಜಿಸಿಯದೇ ಸಾಗರ ತಂತ್ರಜ್ಞಾನ ಸಂಸ್ಥೆಯಿದೆ. ವಿದ್ಯೆಗೆ ಬರವಿಲ್ಲ. ಆ ವಿದ್ಯೆಯ ಮಾತಿಗೆ ಉತ್ಪಾದನೆಯನ್ನು ನಿಲ್ಲಿಸುವ ಅಧಿಕಾರ ಸಿಕ್ಕಿಲ್ಲ.

ಅಧಿಕಾರ ಯಾರ ಕೈಯಲ್ಲಿದೆ? 2008ರ ನಿಯಮಗಳ ಪ್ರಕಾರ ಕಡಲ ತೈಲ ಕೆಲಸದ ಸುರಕ್ಷತೆ ನೋಡುವುದು ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ. ಅದು ಪೆಟ್ರೋಲಿಯಂ ಸಚಿವಾಲಯದ ಅಡಿಯಲ್ಲಿದೆ. ಒಎನ್‌ಜಿಸಿ ಕೂಡ ಅದೇ ಸಚಿವಾಲಯದ ಅಡಿಯಲ್ಲಿದೆ. ಹೆಚ್ಚು ತೈಲ ತೆಗೆಯಿರಿ ಎಂದು ಗುರಿ ಕೊಡುವ ಕೈ, ಈ ವೇದಿಕೆಯನ್ನು ನಿಲ್ಲಿಸಿ ಎಂದು ಹೇಳಬೇಕಾದ ಕೈ ಎರಡೂ ಒಂದೇ ಮೈಗೆ ಸೇರಿವೆ. 1988ರಲ್ಲಿ ಪೈಪರ್ ಆಲ್ಫಾ ವೇದಿಕೆ ಸುಟ್ಟು 167 ಜನ ಸತ್ತಾಗ ಬ್ರಿಟನ್ನಿನಲ್ಲಿಯೂ ಹೀಗೇ ಇತ್ತು; ಇಂಧನ ಇಲಾಖೆಯೇ ಉತ್ಪಾದನೆಯನ್ನೂ ಸುರಕ್ಷತೆಯನ್ನೂ ನೋಡುತ್ತಿತ್ತು. ಆ ದುರಂತದ ತನಿಖೆ ನಡೆಸಿದ ಲಾರ್ಡ್ ಕಲನ್ 1990ರ ವರದಿಯಲ್ಲಿ ಅದನ್ನು ಬೇರ್ಪಡಿಸಿ ಎಂದರು, ಮರುವರ್ಷವೇ ಅಲ್ಲಿನ ಸರ್ಕಾರ ಸುರಕ್ಷತೆಯನ್ನು ಸ್ವತಂತ್ರ ಸಂಸ್ಥೆಗೆ ಒಪ್ಪಿಸಿತು. ಕೀಲಾಂಡ್ ದುರಂತದ ನಂತರ ನಾರ್ವೆ, ಒಂದು ಬ್ರೇಸಿಂಗ್ ಮುರಿದರೂ ಇಡೀ ವೇದಿಕೆ ಬೀಳಬಾರದು ಎಂದು ನಿಯಮ ಬಿಗಿಗೊಳಿಸಿತು. ಬೇರೆಯವರು ಹೆಣ ಎಣಿಸಿ ಕಲಿತ ಪಾಠವನ್ನು ಓದಿ ಕಲಿಯಲು ಭಾರತಕ್ಕೆ ಇನ್ನೆಷ್ಟು ದಶಕ ಬೇಕು?

ಪ್ರತಿ ಬೆಸುಗೆಯನ್ನೂ ಕೆರೆದು ನೋಡಲು ಹೊರಟರೆ ತೈಲ ತೆಗೆಯುವುದೇ ದುಬಾರಿಯಾಗುತ್ತದೆ ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಮೂರು ವರ್ಷ ಒಂದು ಹನಿಯನ್ನೂ ಕೊಡದೆ ನಿಂತ ಕಷಗಾನ್ ಅಗ್ಗವಾಗಿತ್ತೇ? 6 ಮಿಲಿಮೀಟರ್ ಬೆಸುಗೆಯನ್ನು ಅಂಗಳದಲ್ಲೇ ಕತ್ತರಿಸಿ ಮತ್ತೆ ಹಾಕಲು ಒಬ್ಬ ವೆಲ್ಡರ್‌ಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು? ತಪಾಸಣೆಯ ಖರ್ಚು ಕಂಪನಿಯ ಲೆಕ್ಕಪುಸ್ತಕದಲ್ಲಿ ಬೀಳುತ್ತದೆ, ಬಿರುಕಿನ ಖರ್ಚು ಕಾರ್ಮಿಕನ ಮನೆಯ ಮೇಲೆ ಬೀಳುತ್ತದೆ. ದುಬಾರಿ ಎನ್ನುವವರು ಯಾರ ಲೆಕ್ಕವನ್ನು ಓದುತ್ತಿದ್ದಾರೆ ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಬದಲಾವಣೆ ಇಂದೇ ಶುರುವಾಗಬೇಕು. ಸುರಕ್ಷತಾ ನಿರ್ದೇಶನಾಲಯವನ್ನು ಪೆಟ್ರೋಲಿಯಂ ಸಚಿವಾಲಯದಿಂದ ಬಿಡಿಸಿ, ವೇದಿಕೆಯನ್ನು ನಿಲ್ಲಿಸುವ ಕಾನೂನಿನ ಬಲವಿರುವ, ಸಂಸತ್ತಿಗೆ ಉತ್ತರ ಕೊಡುವ ಸ್ವತಂತ್ರ ಸಂಸ್ಥೆಯಾಗಿಸಬೇಕು. ವಿನ್ಯಾಸದ ಆಯುಷ್ಯ ಮುಗಿದ ಪ್ರತಿ ವೇದಿಕೆಯೂ ಮುಂದುವರಿಯಲು ಯೋಗ್ಯ ಎಂದು ಸಾಬೀತು ಮಾಡುವ ಹೊಣೆ ಅದನ್ನು ನಡೆಸುವವರ ಮೇಲಿರಬೇಕು. ಸಾಬೀತು ಎಂದರೆ ಕಂಪ್ಯೂಟರಿನ ಲೆಕ್ಕ ಸಾಲದು, ಬೆಸುಗೆಯನ್ನು ಬರಿಮೈಗೆ ತಂದು ಬಿರುಕು ಹುಡುಕಿದ ದಾಖಲೆ ಬೇಕು. ಭಾರ ಹೊರುವುದಿಲ್ಲವೆಂದು ಪಟ್ಟಿಯಿಂದ ಹೊರಗಿಟ್ಟ ಏಣಿಯ ಕೊಂಡಿ, ಕೇಬಲ್ಲಿನ ಆಧಾರ, ಉಪಕರಣದ ಬುಡ ಎಲ್ಲವೂ ಆ ಪಟ್ಟಿಗೆ ಬರಬೇಕು. ಗಡಸು ಉಕ್ಕಿನ ಪ್ರತಿ ಬೋಲ್ಟಿಗೂ ಗಡಸುತನದ ಮೇಲ್ಮಿತಿ, ಲೇಪನದ ನಂತರ ಕಾಯಿಸಿದ ತಾಪ ಮತ್ತು ಹೊತ್ತು, ಕಟ್ಟಕಡೆಯ ಉಪಗುತ್ತಿಗೆದಾರನ ಹೆಸರು ಬರಹದಲ್ಲಿರಬೇಕು. ಆನೋಡಿನ ವೋಲ್ಟೇಜಿಗೆ ಕೆಳಮಿತಿ ಮಾತ್ರವಲ್ಲ, ಹೈಡ್ರೋಜನ್ ಹುಟ್ಟದಂತೆ ಮೇಲ್ಮಿತಿಯೂ ಬೇಕು. ಸಿಕ್ಕ ಬಿರುಕುಗಳ ವರದಿಯನ್ನು ಕಂಪನಿಯ ಕಪಾಟಿನಲ್ಲಿ ಮುಚ್ಚಿಡದೆ ವರ್ಷವರ್ಷ ಬಹಿರಂಗಪಡಿಸಬೇಕು. ಆ ವೇದಿಕೆಯ ಮೇಲೆ ಎರಡೆರಡು ವಾರ ಮಲಗಿ ಏಳುವ ಕಾರ್ಮಿಕರ ಪ್ರತಿನಿಧಿಗಳು ಅದನ್ನು ತಮ್ಮ ಭಾಷೆಯಲ್ಲಿ ಓದಿ, ಉತ್ತರ ಕೇಳಿ, ತೃಪ್ತಿಯಾಗದಿದ್ದರೆ ಕೆಲಸ ನಿಲ್ಲಿಸುವ ಹಕ್ಕು ಪಡೆಯಬೇಕು. ಮುಂದಿನ ಮುಂಗಾರು ಕಡಲಿಗೆ ಇಳಿಯುವ ಮೊದಲೇ.